ಭೂಪಟ ಕಿರಿದಾಯಿತು, ನಾಡು ಕಿರಿದಾಗಲಿಲ್ಲ

ರಾಜ್ಯಗಳು ಬೆಳೆದ ಕಥೆಯನ್ನು ಹೇಳುವ ಗ್ರಂಥಗಳು ಹೇರಳವಾಗಿವೆ. ಗೆದ್ದವರ ಹೆಸರು ಶಿಲೆಯಲ್ಲಿ ಉಳಿಯುತ್ತದೆ, ಸೋತವರ ಹೆಸರು ಅಡಿಟಿಪ್ಪಣಿಗೆ ಇಳಿಯುತ್ತದೆ. ಆದರೆ ಐದಾರು ಶತಮಾನಗಳ ಕಾಲ ಸೋಲುತ್ತಲೇ, ನೆಲವನ್ನು ಕಳೆದುಕೊಳ್ಳುತ್ತಲೇ ಬಂದು, ಕಡೆಗೆ ಸುಖೀ ರಾಷ್ಟ್ರಗಳ ಸಾಲಿನಲ್ಲಿ ನಿಂತ ನಾಡೊಂದು ಯೂರೋಪಿನಲ್ಲಿದೆ. ಅದೇ ಡೆನ್ಮಾರ್ಕ್. ಅದು ನೆಲವನ್ನು ಹೇಗೆ ಕಳೆದುಕೊಂಡಿತು, ಕಳೆದುಕೊಂಡು ಏನನ್ನು ಕಲಿತಿತು ಎಂಬುದನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದಿಡಲಾಗಿದೆ.

ಇಂದಿನ ಡೆನ್ಮಾರ್ಕಿನ ಮುಖ್ಯ ಭೂಭಾಗದ ವಿಸ್ತೀರ್ಣ ಸುಮಾರು 43,000 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು 60 ಲಕ್ಷ. ಜರ್ಮನಿಯ ಉತ್ತರಕ್ಕೆ ಚಾಚಿಕೊಂಡಿರುವ ಯೂಟ್ಲೆಂಡ್ ಪರ್ಯಾಯದ್ವೀಪ ಮತ್ತು ಅದರ ಪೂರ್ವಕ್ಕಿರುವ ದ್ವೀಪಗಳು, ಇಷ್ಟೇ ಆ ನಾಡು. ಒಂದು ಕಾಲದಲ್ಲಿ ಹೀಗಿರಲಿಲ್ಲ. 1397ರಲ್ಲಿ ರಾಣಿ ಮಾರ್ಗರೇಟಳು ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಈ ಮೂರೂ ರಾಜ್ಯಗಳನ್ನು ಕಾಲ್ಮಾರ್ ಒಕ್ಕೂಟದಲ್ಲಿ ಒಂದೇ ಕಿರೀಟದಡಿ ತಂದಳು. ಸ್ವೀಡನ್ನಿನೊಡನೆ ಫಿನ್ಲೆಂಡ್, ನಾರ್ವೆಯೊಡನೆ ಐಸ್‌ಲೆಂಡ್, ಫೇರೋ ದ್ವೀಪಗಳು, ಗ್ರೀನ್‌ಲೆಂಡ್ ಸಹ ಸೇರಿದ್ದವು. ಉತ್ತರ ಯೂರೋಪಿನಲ್ಲಿ ಅಷ್ಟು ವಿಶಾಲವಾದ ಪ್ರಭುತ್ವ ಮತ್ತೊಂದಿರಲಿಲ್ಲ. ಆದರೆ ವಿವಾಹ ಸಂಬಂಧ, ದಾಯಾದಿ ಹಕ್ಕುಗಳಿಂದ ಕೂಡಿದ ರಾಜ್ಯವು ಜನರ ಮನಸ್ಸಿನಿಂದ ಕೂಡಿರಲಿಲ್ಲ. ಮುಂದಿನ ಕಥೆಯೆಲ್ಲಕ್ಕೂ ಬೀಜ ಇಲ್ಲಿಯೇ ಇದೆ.

ಮಗಳ ವರದಕ್ಷಿಣೆಗೆ ಹೋದ ದ್ವೀಪಗಳು

ಮೊದಲ ನಷ್ಟಗಳಲ್ಲೊಂದು ಯುದ್ಧದಿಂದ ಆದುದಲ್ಲ, ಮದುವೆಯಿಂದ ಆದುದು. ಡೆನ್ಮಾರ್ಕ್ ಮತ್ತು ನಾರ್ವೆಗಳ ಅರಸನಾಗಿದ್ದ ಒಂದನೆಯ ಕ್ರಿಶ್ಚಿಯನ್ ತನ್ನ ಮಗಳು ಮಾರ್ಗರೇಟಳನ್ನು ಸ್ಕಾಟ್ಲೆಂಡಿನ ದೊರೆ ಮೂರನೆಯ ಜೇಮ್ಸನಿಗೆ ಕೊಡಲು ನಿಶ್ಚಯಿಸಿದನು. ವರದಕ್ಷಿಣೆ 60,000 ಹೊನ್ನು ಎಂದು ಗೊತ್ತಾಯಿತು. ಬೊಕ್ಕಸದಲ್ಲಿ ಅಷ್ಟು ಹಣವಿರಲಿಲ್ಲ. 1468ರಲ್ಲಿ ಆರ್ಕ್ನಿ ದ್ವೀಪಗಳನ್ನು 50,000 ಹೊನ್ನಿಗೂ, ಮರುವರ್ಷ ಶೆಟ್‌ಲೆಂಡ್ ದ್ವೀಪಗಳನ್ನು 8,000 ಹೊನ್ನಿಗೂ ಒತ್ತೆಯಿಟ್ಟನು. ಹಣ ಕೊಟ್ಟು ಬಿಡಿಸಿಕೊಳ್ಳುವುದು ಆಗಲೇ ಇಲ್ಲ. 1472ರಲ್ಲಿ ಸ್ಕಾಟ್ಲೆಂಡ್ ಅವುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. ಶತಮಾನಗಳಿಂದ ನಾರ್ವೆಯ ಭಾಷೆಯಾಡುತ್ತಿದ್ದ ಆ ದ್ವೀಪಗಳ ಜನರು ಒಂದು ಮದುವೆಯ ಲೆಕ್ಕಾಚಾರದಲ್ಲಿ ಪರರಾಜ್ಯದ ಪ್ರಜೆಗಳಾದರು. ಅವರ ನಾರ್ನ್ ಎಂಬ ಭಾಷೆ ಕಾಲಕ್ರಮದಲ್ಲಿ ನಶಿಸಿಹೋಯಿತು.

ಎರಡನೆಯ ನಷ್ಟವು ಕ್ರೌರ್ಯದ ಫಲ. 1520ರ ನವೆಂಬರಿನಲ್ಲಿ ಎರಡನೆಯ ಕ್ರಿಶ್ಚಿಯನ್ ದೊರೆಯು ಸ್ಟಾಕ್‌ಹೋಮ್ ನಗರದಲ್ಲಿ, ಕ್ಷಮೆಯ ಮಾತು ಕೊಟ್ಟಿದ್ದರೂ, ಎಂಬತ್ತಕ್ಕೂ ಹೆಚ್ಚು ಮಂದಿ ಸ್ವೀಡಿಷ್ ಪ್ರಮುಖರ ಶಿರಚ್ಛೇದ ಮಾಡಿಸಿದನು. ಭಯದಿಂದ ಒಕ್ಕೂಟ ಗಟ್ಟಿಯಾಗುವುದೆಂದು ಅವನು ಎಣಿಸಿದ್ದನು. ಸತ್ತವರಲ್ಲೊಬ್ಬನ ಮಗನಾದ ಗುಸ್ತಾವ್ ವಾಸಾ ಜನರನ್ನು ಎತ್ತಿಕಟ್ಟಿ 1523ರಲ್ಲಿ ಸ್ವೀಡನ್ನಿನ ದೊರೆಯಾದನು. ಒಕ್ಕೂಟ ಮುರಿಯಿತು. ಅದೇ ವರ್ಷ ಕ್ರಿಶ್ಚಿಯನ್ನನು ಡೆನ್ಮಾರ್ಕಿನ ಸಿಂಹಾಸನವನ್ನೂ ಕಳೆದುಕೊಂಡನು.

ಸಮುದ್ರ ಹೆಪ್ಪುಗಟ್ಟಿದ ಚಳಿಗಾಲ

ಬಾಲ್ಟಿಕ್ ಸಮುದ್ರದ ಬಾಗಿಲೆಂದರೆ ಓರೆಸುಂಡ್ ಜಲಸಂಧಿ. ಅದರ ಎರಡೂ ದಡಗಳು ಡೆನ್ಮಾರ್ಕಿನವೇ ಆಗಿದ್ದವು. 1429ರಿಂದ ಆ ಮಾರ್ಗವಾಗಿ ಹಾಯುವ ಪರದೇಶದ ಹಡಗುಗಳೆಲ್ಲವೂ ಡೆನ್ಮಾರ್ಕಿನ ಅರಸನಿಗೆ ಸುಂಕ ತೆರಬೇಕಾಗಿತ್ತು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕ ನಡೆಯುವ ಎಲ್ಸಿನೋರ್ ಇದೇ ಸುಂಕದಕಟ್ಟೆ. ಈ ವರಮಾನವೇ ಅರಸನ ಬಲ, ನೆರೆಹೊರೆಯವರ ಕಣ್ಣುರಿಗೂ ಇದೇ ಕಾರಣ.

ಬಲಗೊಂಡ ಸ್ವೀಡನ್ನಿನೊಡನೆ ನಡೆದ ಯುದ್ಧದಲ್ಲಿ ಸೋತ ಡೆನ್ಮಾರ್ಕ್ 1645ರಲ್ಲಿ ಗಾಟ್‌ಲೆಂಡ್ ಮೊದಲಾದ ಪ್ರದೇಶಗಳನ್ನು ಬಿಟ್ಟುಕೊಟ್ಟಿತು. ಆ ನೋವು ಆರಲಿಲ್ಲ. ಸ್ವೀಡನ್ನಿನ ದೊರೆ ಹತ್ತನೆಯ ಕಾರ್ಲ್ ಗುಸ್ತಾವ್ ಪೋಲೆಂಡಿನ ಯುದ್ಧದಲ್ಲಿ ಸಿಕ್ಕಿಕೊಂಡಿರುವುದನ್ನು ಕಂಡು, ಇದೇ ಸಮಯವೆಂದು 1657ರಲ್ಲಿ ಡೆನ್ಮಾರ್ಕೇ ಯುದ್ಧ ಸಾರಿತು. ಕಾರ್ಲ್ ಮಿಂಚಿನಂತೆ ಹಿಂದಿರುಗಿ ಯೂಟ್ಲೆಂಡನ್ನು ಆಕ್ರಮಿಸಿದನು. ರಾಜಧಾನಿಗೂ ಅವನಿಗೂ ನಡುವೆ ಸಮುದ್ರವಿದೆ ಎಂಬುದೊಂದೇ ಡೇನರಿಗೆ ಉಳಿದ ಧೈರ್ಯ. ಆದರೆ 1658ರ ಆ ಚಳಿಗಾಲ ಎಷ್ಟು ಕಠೋರವಾಗಿತ್ತೆಂದರೆ ಸಮುದ್ರವೇ ಹೆಪ್ಪುಗಟ್ಟಿತು. ಸ್ವೀಡಿಷ್ ಅಶ್ವದಳವು ಮಂಜುಗಡ್ಡೆಯ ಮೇಲೆ ದ್ವೀಪದಿಂದ ದ್ವೀಪಕ್ಕೆ ನಡೆದು ಕೋಪನ್‌ಹೇಗನ್ನಿನ ಹತ್ತಿರಕ್ಕೇ ಬಂದಿತು. ಕೆಲವು ಕಡೆ ಮಂಜು ಬಿರಿದು ಸವಾರರು ಕುದುರೆಗಳೊಡನೆ ಮುಳುಗಿದರೂ ಸೈನ್ಯ ನಿಲ್ಲಲಿಲ್ಲ.

ರೋಸ್ಕಿಲ್ಡೆಯ ಒಪ್ಪಂದದಂತೆ ಸ್ಕೋನೆ, ಹಾಲಾಂಡ್, ಬ್ಲೆಕಿಂಗೆ ಎಂಬ ಪೂರ್ವ ಪ್ರಾಂತಗಳು, ಬೋರ್ನ್‌ಹೋಮ್ ದ್ವೀಪ, ನಾರ್ವೆಯ ಎರಡು ಪ್ರದೇಶಗಳು ಕೈಬಿಟ್ಟುಹೋದವು. ಜಲಸಂಧಿಯ ಪೂರ್ವದಂಡೆ ಅಂದಿನಿಂದ ಇಂದಿನವರೆಗೆ ಸ್ವೀಡನ್ನಿನದಾಗಿದೆ. ಸ್ವೀಡನ್ ಅಲ್ಲಿ ಲುಂಡ್ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿತು. ಚರ್ಚಿನ ಪ್ರಾರ್ಥನೆಯನ್ನೂ ಮಕ್ಕಳ ಓದನ್ನೂ ಸ್ವೀಡಿಷ್ ಭಾಷೆಗೆ ತಿರುಗಿಸಿತು. ಕೆಲವೇ ತಲೆಮಾರುಗಳಲ್ಲಿ ಡೇನರ ಮೊಮ್ಮಕ್ಕಳು ಸ್ವೀಡರಾದರು. ನೆಲವನ್ನು ಕತ್ತಿಯಿಂದ ಗೆಲ್ಲಬಹುದು, ಮನೆಯನ್ನು ಗೆಲ್ಲಲು ಭಾಷೆ ಬೇಕು ಎಂಬ ಸತ್ಯವನ್ನು ಗೆದ್ದವರು ಬಲ್ಲವರಾಗಿದ್ದರು.

ಇದಕ್ಕೆ ಒಂದು ಅಪವಾದವುಂಟು. ಬೋರ್ನ್‌ಹೋಮಿನ ಜನರು ಅದೇ ವರ್ಷದ ಡಿಸೆಂಬರಿನಲ್ಲಿ ದಂಗೆಯೆದ್ದು ಸ್ವೀಡನ್ನಿನ ಅಧಿಪತಿಯನ್ನು ಕೊಂದು, ದ್ವೀಪವನ್ನು ತಾವಾಗಿಯೇ ಡೆನ್ಮಾರ್ಕಿನ ದೊರೆಗೆ ಒಪ್ಪಿಸಿದರು. 1660ರ ಒಪ್ಪಂದದಲ್ಲಿ ಅದು ಡೆನ್ಮಾರ್ಕಿಗೇ ಉಳಿಯಿತು. ಸೈನ್ಯ ಕಳೆದುಕೊಂಡುದನ್ನು ಜನರ ಇಚ್ಛೆ ಹಿಂದಕ್ಕೆ ತಂದಿತು.

ನಾರ್ವೆಯ ಅಗಲಿಕೆ, ಭಾರತದ ಕೋಟೆಗಳು

1380ರಿಂದ ಡೆನ್ಮಾರ್ಕಿನೊಡನೆ ಕೂಡಿದ್ದ ನಾರ್ವೆಯು ಅದಕ್ಕಿಂತ ಅನೇಕ ಪಟ್ಟು ವಿಶಾಲವಾದ ದೇಶ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಡೆನ್ಮಾರ್ಕ್ ತಟಸ್ಥವಾಗಿರಲು ಬಯಸಿತು. ಆದರೆ ಅದರ ನೌಕಾಬಲವು ಫ್ರೆಂಚರ ಕೈಗೆ ಸಿಕ್ಕೀತೆಂಬ ಶಂಕೆಯಿಂದ ಬ್ರಿಟಿಷರು 1807ರ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬೆಂಕಿಯ ಮಳೆಗರೆದು, ಇಡೀ ನೌಕಾಪಡೆಯನ್ನು ಎಳೆದೊಯ್ದರು. ಅವಮಾನಗೊಂಡ ಡೆನ್ಮಾರ್ಕ್ ನೆಪೋಲಿಯನ್ನನ ಪಕ್ಷ ಸೇರಿತು, ಮತ್ತು ಅವನ ಪತನದ ಅಂಚಿನವರೆಗೂ ಅಲ್ಲಿಯೇ ನಿಂತಿತು. 1813ರಲ್ಲಿ ಸರ್ಕಾರವೇ ದಿವಾಳಿಯಾಯಿತು. 1814ರ ಜನವರಿ 14ರಂದು ಕೀಲ್ ನಗರದ ಒಪ್ಪಂದದಲ್ಲಿ ನಾರ್ವೆಯನ್ನು ಸ್ವೀಡನ್ನಿನ ದೊರೆಗೆ ಬಿಟ್ಟುಕೊಡಬೇಕಾಯಿತು. ನಾರ್ವೆಯವರನ್ನು ಯಾರೂ ಕೇಳಲಿಲ್ಲ. ಅವರು ಅದೇ ವರ್ಷದ ಮೇ 17ರಂದು ತಮ್ಮದೇ ಸಂವಿಧಾನವನ್ನು ಅಂಗೀಕರಿಸಿ ಉತ್ತರ ಕೊಟ್ಟರು, 1905ರಲ್ಲಿ ಪೂರ್ಣವಾಗಿ ಸ್ವತಂತ್ರರಾದರು. ಆಗ ದೊರೆಯನ್ನಾಗಿ ಅವರು ತಾವೇ ಆರಿಸಿ ಕರೆದುದು ಡೆನ್ಮಾರ್ಕಿನ ರಾಜಕುಮಾರನೊಬ್ಬನನ್ನು. ಬಲವಂತದ ಬಂಧನ ಕಳಚಿದ ಮೇಲೆ ಪ್ರೀತಿಗೆ ಎಡೆ ದೊರೆಯುತ್ತದೆ.

ಬೊಕ್ಕಸ ಬರಿದಾದ ಮೇಲೆ ದೂರದ ನೆಲೆಗಳೂ ಹೋದವು. 1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೇನರು ತರಂಗಂಬಾಡಿಯಲ್ಲಿ ಕೋಟೆ ಕಟ್ಟಿದ್ದರು. 1755ರಲ್ಲಿ ಬಂಗಾಳದ ಶ್ರೀರಾಂಪುರದಲ್ಲಿ ನೆಲೆಯೂರಿದ್ದರು. ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೀಮೆಯಲ್ಲಿ ಕ್ರೈಸ್ತ ಪಾದ್ರಿಗಳಿಗೆ ಅವಕಾಶ ಕೊಡದಿದ್ದಾಗ ವಿಲಿಯಂ ಕೇರಿ 1800ರಲ್ಲಿ ಆಶ್ರಯ ಪಡೆದುದು ಈ ಡೇನಿಷ್ ಊರಿನಲ್ಲಿ. ಅಲ್ಲಿನ ಮುದ್ರಣಾಲಯದಿಂದಲೇ 1817ರಲ್ಲಿ ಅವನ ಕನ್ನಡ ವ್ಯಾಕರಣ ಅಚ್ಚಾಗಿ ಹೊರಬಂದಿತು. ನಮ್ಮ ನುಡಿಯ ಆರಂಭದ ಮುದ್ರಿತ ವ್ಯಾಕರಣಗಳಲ್ಲೊಂದು ಡೆನ್ಮಾರ್ಕಿನ ಧ್ವಜದ ನೆರಳಿನಲ್ಲಿ ಅಚ್ಚಾಯಿತೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. 1845ರಲ್ಲಿ ಡೆನ್ಮಾರ್ಕ್ ಈ ಎರಡೂ ಊರುಗಳನ್ನು ಹನ್ನೆರಡೂವರೆ ಲಕ್ಷ ರೂಪಾಯಿಗಳಿಗೆ ಕಂಪನಿಗೆ ಮಾರಿತು. ಆಫ್ರಿಕದ ಕರಾವಳಿಯ ಕೋಟೆಗಳು 1850ರಲ್ಲಿಯೂ, ನಿಕೋಬಾರ್ ದ್ವೀಪಗಳ ಮೇಲಣ ಹಕ್ಕು 1868ರಲ್ಲಿಯೂ ಬ್ರಿಟಿಷರಿಗೆ ಸಂದವು.

1864: ಮರೆಯಲಾಗದ ವರ್ಷ

ಡೇನರ ಮನಸ್ಸಿನಲ್ಲಿ ಇಂದಿಗೂ ಗಾಯದ ಗುರುತಾಗಿ ಉಳಿದಿರುವುದು 1864. ಯೂಟ್ಲೆಂಡಿನ ದಕ್ಷಿಣಕ್ಕೆ ಸ್ಲೆಸ್ವಿಗ್ ಮತ್ತು ಹೋಲ್‌ಸ್ಟೈನ್ ಎಂಬ ಎರಡು ಸಂಸ್ಥಾನಗಳು. ಎರಡಕ್ಕೂ ಡೆನ್ಮಾರ್ಕಿನ ದೊರೆಯೇ ಒಡೆಯ. ಹೋಲ್‌ಸ್ಟೈನಿನವರು ಜರ್ಮನ್ ಭಾಷಿಕರು. ಸ್ಲೆಸ್ವಿಗ್‌ನಲ್ಲಿ ಉತ್ತರಕ್ಕೆ ಡೇನಿಷ್, ದಕ್ಷಿಣಕ್ಕೆ ಜರ್ಮನ್, ನಡುವೆ ಒಂದೇ ಊರಿನಲ್ಲಿ, ಒಮ್ಮೊಮ್ಮೆ ಒಂದೇ ಮನೆಯಲ್ಲಿ ಎರಡೂ ನುಡಿಗಳು. ದೇಶಾಭಿಮಾನದ ಹೊಸ ಗಾಳಿ ಬೀಸಿದಾಗ ಇಬ್ಬರೂ ಇಡೀ ಸ್ಲೆಸ್ವಿಗ್ ತಮ್ಮದೆಂದರು. 1848ರಿಂದ 1851ರವರೆಗೆ ನಡೆದ ಯುದ್ಧದಲ್ಲಿ ಡೆನ್ಮಾರ್ಕ್ ಉಳಿದುಕೊಂಡಿತು. ಸ್ಲೆಸ್ವಿಗನ್ನು ತನ್ನ ರಾಜ್ಯಕ್ಕೆ ಹೆಚ್ಚು ಬಿಗಿಯಾಗಿ ಕಟ್ಟಿಕೊಳ್ಳುವುದಿಲ್ಲವೆಂದು ದೊಡ್ಡ ರಾಷ್ಟ್ರಗಳಿಗೆ ಮಾತು ಕೊಟ್ಟಿತು.

ಗೆಲುವಿನ ಅಮಲು ಮಾತನ್ನು ಮರೆಸಿತು. 1863ರ ನವೆಂಬರಿನಲ್ಲಿ ಸ್ಲೆಸ್ವಿಗನ್ನು ರಾಜ್ಯದೊಡನೆ ಬೆಸೆಯುವ ಸಂವಿಧಾನಕ್ಕೆ ಹೊಸ ದೊರೆ ಒಂಬತ್ತನೆಯ ಕ್ರಿಶ್ಚಿಯನ್ ಸಹಿ ಹಾಕಿದನು. ಪ್ರಷ್ಯದ ಪ್ರಧಾನಿ ಬಿಸ್ಮಾರ್ಕನಿಗೆ ಬೇಕಾಗಿದ್ದ ನೆಪ ಸಿಕ್ಕಿತು. 1864ರ ಫೆಬ್ರುವರಿ 1ರಂದು ಪ್ರಷ್ಯ ಮತ್ತು ಆಸ್ಟ್ರಿಯಗಳ ಸೇನೆ ಗಡಿ ದಾಟಿತು. ದೊರೆಯ ಮಗಳು ಇಂಗ್ಲೆಂಡಿನ ಯುವರಾಜನ ಮಡದಿಯಾಗಿದ್ದರೂ ಅಲ್ಲಿಂದ ಒಂದು ಹಡಗೂ ಬರಲಿಲ್ಲ. ಏಪ್ರಿಲ್ 18ರಂದು ಡ್ಯುಬೋಲ್ ಎಂಬಲ್ಲಿ ಫಿರಂಗಿಗಳ ಹೊಡೆತಕ್ಕೆ ಜರ್ಜರಿತವಾಗಿದ್ದ ಡೇನಿಷ್ ನೆಲೆ ಕುಸಿಯಿತು. ಅಂದು ಒಂದೇ ದಿನ ಸುಮಾರು 5,000 ಡೇನ್ ಸೈನಿಕರು ಸತ್ತರು, ಗಾಯಗೊಂಡರು, ಇಲ್ಲವೆ ಸೆರೆಯಾದರು.

ಆಗಲೂ ಒಂದು ದಾರಿ ತೆರೆದಿತ್ತು. ಲಂಡನ್ನಿನಲ್ಲಿ ಸೇರಿದ ಸಂಧಾನ ಸಭೆಯಲ್ಲಿ ಸ್ಲೆಸ್ವಿಗನ್ನು ಭಾಷೆಗನುಗುಣವಾಗಿ ಹಂಚಿಕೊಳ್ಳುವ ಸಲಹೆ ಬಂದಿತು. ಗಡಿಗೆರೆಯ ವಿಷಯದಲ್ಲಿ ಡೆನ್ಮಾರ್ಕ್ ಬಿಗಿಹಿಡಿಯಿತು. ಜನರನ್ನೇ ಕೇಳಬಹುದೆಂಬ ಫ್ರಾನ್ಸಿನ ಮಾತಿಗೂ ಮನ್ನಣೆ ದೊರೆಯಲಿಲ್ಲ. ಯುದ್ಧ ಮರುಕಳಿಸಿತು, ಡೆನ್ಮಾರ್ಕ್ ಸಂಪೂರ್ಣವಾಗಿ ಸೋತಿತು. ಅಕ್ಟೋಬರ್ 30ರ ವಿಯೆನ್ನಾ ಒಪ್ಪಂದದಲ್ಲಿ ಎರಡೂ ಸಂಸ್ಥಾನಗಳು ಹೋದವು. ನೆಲದ ಐದರಲ್ಲಿ ಸುಮಾರು ಎರಡು ಪಾಲು, ಪ್ರಜೆಗಳಲ್ಲಿ ಸುಮಾರು ಹತ್ತು ಲಕ್ಷ ಮಂದಿ ಕೈತಪ್ಪಿದರು. ಅವರಲ್ಲಿ ಸುಮಾರು ಎರಡು ಲಕ್ಷ ಜನ ಡೇನಿಷ್ ಮಾತೃಭಾಷೆಯವರು. ಅರ್ಧವನ್ನು ಬಿಡಲೊಲ್ಲದವನು ಇಡಿಯನ್ನೇ ಕಳೆದುಕೊಂಡನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆ ಹಟದ ಬೆಲೆಯನ್ನು ತೆತ್ತವರು ಮಂತ್ರಿಗಳಲ್ಲ, ಗಡಿಯಾಚೆಗೆ ಉಳಿದ ಒಕ್ಕಲು ಮನೆಗಳವರು. ಮುಂದೆ ಮೊದಲನೆಯ ಮಹಾಯುದ್ಧದಲ್ಲಿ ಸುಮಾರು 30,000 ಡೇನ್ ಮನೆತನದ ಯುವಕರು ಜರ್ಮನ್ ಸಮವಸ್ತ್ರ ತೊಟ್ಟು ಕಾದಬೇಕಾಯಿತು. ಐದು ಸಾವಿರಕ್ಕೂ ಹೆಚ್ಚು ಮಂದಿ ಮರಳಲಿಲ್ಲ.

ಒಳಗಿನ ನಾಡನ್ನು ಕಟ್ಟಿದ ಬಗೆ

ಇಷ್ಟಾದ ಮೇಲೆ ಪ್ರತೀಕಾರದ ಜ್ವಾಲೆಯಲ್ಲಿ ಬೇಯುವುದು ಸುಲಭವಾಗಿತ್ತು. ಡೇನರು ಬೇರೊಂದು ಹಾದಿ ಹಿಡಿದರು. ಕಳೆದುದನ್ನು ಹೊರಗೆ ಅರಸುವುದಕ್ಕಿಂತ ಒಳಗೆ ಗಳಿಸಬೇಕೆಂಬ ಭಾವನೆ ನಾಡಿನಲ್ಲಿ ಹಬ್ಬಿತು.

ಯೂಟ್ಲೆಂಡಿನ ಪಶ್ಚಿಮ ಭಾಗವು ಮರಳುಮಿಶ್ರಿತ ಬೀಳುಭೂಮಿ. ಕುರುಚಲು ಗಿಡ ಬಿಟ್ಟರೆ ಬೇರೇನೂ ಬೆಳೆಯದ ಬಯಲು. ರಸ್ತೆಗಳನ್ನು ನಿರ್ಮಿಸುತ್ತಿದ್ದ ಎನ್ರಿಕೊ ದಾಲ್ಗಾಸ್ ಎಂಬ ಸೇನಾ ಇಂಜಿನಿಯರ್ ಆ ನೆಲವನ್ನು ಅಡಿಯಡಿಯಾಗಿ ಬಲ್ಲವನಾಗಿದ್ದನು. 1866ರಲ್ಲಿ ಅವನೂ ಅವನ ಸಂಗಡಿಗರೂ ಬೀಳುಭೂಮಿ ಸುಧಾರಣಾ ಸಂಘವನ್ನು ಸ್ಥಾಪಿಸಿದರು. ಕಾಲುವೆ ತೋಡಿದರು. ಸುಣ್ಣದ ಅಂಶವಿರುವ ಜೇಡಿಮಣ್ಣನ್ನು ತಂದು ಹೊಲಗಳಿಗೆ ಹರಡಿದರು. ಗಾಳಿಯನ್ನು ತಡೆಯಲು ಮರಗಳ ಸಾಲು ನೆಟ್ಟರು. ಸ್ಪ್ರೂಸ್ ಎಂಬ ಸೂಚಿಪರ್ಣ ವೃಕ್ಷವು ಆ ಬಡ ನೆಲದಲ್ಲಿ ಒಂಟಿಯಾಗಿ ನೆಟ್ಟರೆ ಮುರುಟಿಕೊಳ್ಳುತ್ತಿತ್ತು. ಬೆಟ್ಟದ ಪೈನ್ ಗಿಡವನ್ನು ಪಕ್ಕದಲ್ಲಿ ನೆಟ್ಟಾಗ ಮಾತ್ರ ಚಿಗುರಿ ಎತ್ತರಕ್ಕೆ ಬೆಳೆಯಿತು. ಆ ಗಿಡಕ್ಕೆ ಜನರು ದಾದಿಮರ ಎಂದೇ ಹೆಸರಿಟ್ಟರು. ಹೀಗೆ ಗಳಿಸಿದ ಹೊಲ ಕಾಡುಗಳು ಕಳೆದುಹೋದ ಸಂಸ್ಥಾನಗಳಿಗೆ ವಿಸ್ತಾರದಲ್ಲಿ ಸಮನಲ್ಲ. ಆದರೆ ಅವುಗಳಿಗಾಗಿ ಒಬ್ಬ ತಾಯಿಯೂ ಮಗನನ್ನು ಕಳೆದುಕೊಳ್ಳಲಿಲ್ಲ.

ಎರಡನೆಯದು ವಿದ್ಯೆ. ಕವಿಯೂ ಧರ್ಮಗುರುವೂ ಆಗಿದ್ದ ಗ್ರುಂಡ್ಟ್‌ವಿಗ್ ಅವರ ವಿಚಾರಗಳಿಂದ ಮೂಡಿದ ಜನತಾ ಪ್ರೌಢಶಾಲೆಗಳಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ಬೇಸಾಯದ ಕೆಲಸವಿಲ್ಲದ ಚಳಿಗಾಲದಲ್ಲಿ ರೈತರ ಗಂಡುಮಕ್ಕಳು, ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಬಂದು ಅಲ್ಲಿಯೇ ಉಂಡು, ಉಳಿದು, ತಾಯ್ನುಡಿ, ಇತಿಹಾಸ, ಹಾಡುಗಳನ್ನು ಕಲಿಯುತ್ತಿದ್ದರು. ಮೊದಲ ಶಾಲೆ 1844ರಲ್ಲಿ ಸ್ಲೆಸ್ವಿಗ್‌ನ ರ‍್ಯೋಡಿಂಗ್ ಎಂಬ ಊರಿನಲ್ಲಿ ಆರಂಭವಾಗಿತ್ತು. ಆ ಊರು ಶತ್ರುವಿನ ಪಾಲಾದಾಗ ಅಧ್ಯಾಪಕರು ಹೊಸ ಗಡಿಯ ಈಚೆಗೆ ಬಂದು 1865ರಲ್ಲಿ ಅಸ್ಕೋವ್‌ನಲ್ಲಿ ಶಾಲೆ ತೆರೆದರು. ನೆಲ ಹೋದರೂ ಶಾಲೆ ಹೋಗಲಿಲ್ಲ. ಮೈಸೂರು ಸೀಮೆಯಲ್ಲಿ ವಯಸ್ಕರ ಶಿಕ್ಷಣ ಸಮಿತಿಯವರು ಗ್ರಾಮೀಣ ತರುಣರಿಗಾಗಿ ನಡೆಸಿದ ವಿದ್ಯಾಪೀಠಗಳಿಗೂ ಡೆನ್ಮಾರ್ಕಿನ ಈ ಶಾಲೆಗಳೇ ಮಾದರಿ.

ಮೂರನೆಯದು ಸಹಕಾರ. ಅಮೆರಿಕ, ರಷ್ಯಗಳ ಅಗ್ಗದ ಧಾನ್ಯ ಬಂದು ಬೆಲೆ ಕುಸಿದಾಗ ಡೇನ್ ರೈತರು ಹೈನುಗಾರಿಕೆಗೆ ತಿರುಗಿದರು. 1882ರಲ್ಲಿ ಯೆದ್ದಿಂಗ್ ಎಂಬ ಸಣ್ಣ ಹಳ್ಳಿಯಲ್ಲಿ ಮೊದಲ ಸಹಕಾರಿ ಹಾಲಿನ ಕೇಂದ್ರ ಸ್ಥಾಪಿತವಾಯಿತು. ಹಾಕಿದ ಹಾಲಿಗೆ ತಕ್ಕಂತೆ ಲಾಭ. ಮತ ಮಾತ್ರ ತಲೆಗೊಂದು, ಹಸು ನೂರಿರಲಿ, ಎರಡಿರಲಿ. ಕೆಲವೇ ವರ್ಷಗಳಲ್ಲಿ ಅಂಥ ನೂರಾರು ಕೇಂದ್ರಗಳು ಹುಟ್ಟಿಕೊಂಡವು. ಡೇನಿಷ್ ಬೆಣ್ಣೆ ಇಂಗ್ಲೆಂಡಿನ ಊಟದ ಮೇಜಿಗೆ ಏರಿತು. ಶಾಲೆಯಲ್ಲಿ ಒಟ್ಟಿಗೆ ಹಾಡಲು ಕಲಿತ ತರುಣರೇ ಈ ಸಂಘಗಳಲ್ಲಿ ಒಟ್ಟಿಗೆ ದುಡಿಯಲು ಮುಂದಾದರು.

ಜನರನ್ನು ಕೇಳಿದ ದಿನ

ಮಹಾಯುದ್ಧದಲ್ಲಿ ಜರ್ಮನಿ ಸೋತಾಗ ಡೆನ್ಮಾರ್ಕಿಗೆ ಅನಾಯಾಸವಾದ ಅವಕಾಶ ಒದಗಿತು. ಇಡೀ ಸ್ಲೆಸ್ವಿಗನ್ನು ಕೇಳಬಹುದಾಗಿತ್ತು. ಆದರೆ 1864ರಲ್ಲಿ ಬೇಡವಾಗಿದ್ದ ಮಾರ್ಗವನ್ನೇ ಈ ಬಾರಿ ಹಿಡಿದರು. 1920ರ ಫೆಬ್ರುವರಿಯಲ್ಲಿ ಉತ್ತರ ವಲಯದವರು ಮತ ಚಲಾಯಿಸಿದಾಗ ನಾಲ್ವರಲ್ಲಿ ಮೂವರು ಡೆನ್ಮಾರ್ಕನ್ನು ಬಯಸಿದರು. ಮಾರ್ಚಿಯಲ್ಲಿ ಮಧ್ಯ ವಲಯದವರು ನೂರಕ್ಕೆ ಎಂಬತ್ತರಷ್ಟು ಜರ್ಮನಿಯನ್ನು ಬಯಸಿದರು. ಮತದ ಮಾತು ಹೇಗಾದರಿರಲಿ, ಫ್ಲೆನ್ಸ್‌ಬರ್ಗ್ ನಗರ ನಮಗೆ ಬೇಕೆಂದು ಕೋಪನ್‌ಹೇಗನ್ನಿನಲ್ಲಿ ಹಲವರು ಕೂಗೆಬ್ಬಿಸಿದರು. ದೊರೆ ಹತ್ತನೆಯ ಕ್ರಿಶ್ಚಿಯನ್ ಅದಕ್ಕಾಗಿ ಮಂತ್ರಿಮಂಡಲವನ್ನೇ ವಜಾ ಮಾಡಿ, ಜನರ ಪ್ರತಿರೋಧಕ್ಕೆ ಮಣಿದು ಹಿಂದೆ ಸರಿಯಬೇಕಾಯಿತು. ಮತದಂತೆಯೇ ಗಡಿ ನಿಂತಿತು. ಆ ವರ್ಷದ ಜುಲೈ 10ರಂದು ದೊರೆ ಬಿಳಿಯ ಕುದುರೆಯೇರಿ ಹಳೆಯ ಗಡಿಯನ್ನು ದಾಟಿ ಉತ್ತರ ಸ್ಲೆಸ್ವಿಗನ್ನು ಬರಮಾಡಿಕೊಂಡನು.

ಆ ಗಡಿ ಇಂದಿಗೂ ಹಾಗೆಯೇ ಇದೆ. ಹಿಟ್ಲರನ ಸೇನೆ ಡೆನ್ಮಾರ್ಕನ್ನು ಐದು ವರ್ಷ ತುಳಿದು ಸೋತ ಮೇಲೂ 1945ರಲ್ಲಿ ಡೆನ್ಮಾರ್ಕ್ ಗಡಿಯನ್ನು ದಕ್ಷಿಣಕ್ಕೆ ಸರಿಸಲಿಲ್ಲ. ಈಚೆ ಜರ್ಮನ್ ಅಲ್ಪಸಂಖ್ಯಾತರು, ಆಚೆ ಡೇನ್ ಅಲ್ಪಸಂಖ್ಯಾತರು ತಮ್ಮ ತಮ್ಮ ಶಾಲೆಗಳನ್ನು ನಡೆಸಿಕೊಂಡಿದ್ದಾರೆ. ತಾನು ಡೇನ್ ಎಂದು ಒಬ್ಬನು ಹೇಳಿದರೆ ಅಧಿಕಾರಿಗಳು ಅದನ್ನು ಪ್ರಶ್ನಿಸುವಂತಿಲ್ಲ, ಪರೀಕ್ಷಿಸುವಂತಿಲ್ಲ ಎಂದು ಜರ್ಮನಿಯು 1955ರಲ್ಲಿ ಘೋಷಿಸಿತು. ಡೆನ್ಮಾರ್ಕ್ ತನ್ನ ಜರ್ಮನರ ವಿಷಯದಲ್ಲಿ ಅದೇ ಮಾತನ್ನು ಕೊಟ್ಟಿತು. ಎರಡು ಯುದ್ಧಗಳನ್ನು ಕಂಡ ಸೀಮೆ ಹೀಗೆ ಶಾಂತವಾಯಿತು.

ಕೊಡುವುದರಲ್ಲಿಯೂ ಎರಡು ಬಗೆ

ಎಲ್ಲೆಡೆಯೂ ಹೀಗೆ ಕೇಳಲಾಯಿತೆಂದಲ್ಲ. ವೆಸ್ಟ್ ಇಂಡೀಸಿನ ಮೂರು ದ್ವೀಪಗಳಲ್ಲಿ ಡೇನರು ಕಬ್ಬಿನ ತೋಟಗಳನ್ನು ನಡೆಸಿದರು. ಅವರ ಹಡಗುಗಳು ಆಫ್ರಿಕದಿಂದ ಒಂದು ಲಕ್ಷಕ್ಕೂ ಹೆಚ್ಚು ಗುಲಾಮರನ್ನು ಸಾಗಿಸಿದವು. 1917ರಲ್ಲಿ ಆ ದ್ವೀಪಗಳನ್ನು ಎರಡೂವರೆ ಕೋಟಿ ಡಾಲರುಗಳಿಗೆ ಅಮೆರಿಕಕ್ಕೆ ಮಾರಿದಾಗ ಡೆನ್ಮಾರ್ಕಿನಲ್ಲಿ ಜನಮತ ಪಡೆದರೇ ಹೊರತು ದ್ವೀಪದವರನ್ನು ಕೇಳಲಿಲ್ಲ. ಇದು ಆ ನಾಡಿನ ಚರಿತ್ರೆಯ ಕಪ್ಪು ಪುಟ.

ಐಸ್‌ಲೆಂಡ್ 1918ರಲ್ಲಿ ಪ್ರತ್ಯೇಕ ರಾಜ್ಯವಾಯಿತು. 1944ರಲ್ಲಿ, ಡೆನ್ಮಾರ್ಕ್ ಇನ್ನೂ ನಾಜಿಗಳ ಹಿಡಿತದಲ್ಲಿರುವಾಗಲೇ, ಗಣರಾಜ್ಯವನ್ನು ಘೋಷಿಸಿಕೊಂಡಿತು. ಕಷ್ಟಕಾಲದಲ್ಲಿ ಕೈಬಿಟ್ಟರೆಂದು ಹಲವು ಡೇನರಿಗೆ ನೋವಾಯಿತು. ಆದರೂ ದೊರೆ ಶುಭಾಶಯದ ತಂತಿ ಕಳುಹಿಸಿದನು. ಅಲ್ಲಿಗೇ ಮುಗಿಯಲಿಲ್ಲ. ಐಸ್‌ಲೆಂಡಿನ ಪ್ರಾಚೀನ ಚರ್ಮದ ಹಸ್ತಪ್ರತಿಗಳು ಶತಮಾನಗಳಿಂದ ಕೋಪನ್‌ಹೇಗನ್ನಿನಲ್ಲಿದ್ದವು. ಆ ನಾಡಿಗೆ ಅವೇ ಸರ್ವಸ್ವ. ವಿದ್ವಾಂಸರ ವಿರೋಧ, ನ್ಯಾಯಾಲಯದ ವ್ಯಾಜ್ಯಗಳನ್ನೆಲ್ಲ ದಾಟಿ ಡೆನ್ಮಾರ್ಕ್ ಅವುಗಳನ್ನು ಹಿಂದಿರುಗಿಸಲು ನಿಶ್ಚಯಿಸಿತು. 1971ರ ಏಪ್ರಿಲ್ 21ರಂದು ಡೆನ್ಮಾರ್ಕಿನ ನೌಕಾಪಡೆಯ ಹಡಗೊಂದು ಮೊದಲ ಎರಡು ಗ್ರಂಥಗಳನ್ನು ಹೊತ್ತು ರೇಕ್ಯಾವಿಕ್ ಬಂದರನ್ನು ತಲಪಿದಾಗ ಸಾವಿರಾರು ಜನರು ದಡದಲ್ಲಿ ನೆರೆದಿದ್ದರು. ಯುದ್ಧದ ಹಡಗು ಪುಸ್ತಕಗಳನ್ನು ಹೊತ್ತು ಬಂದ ದೃಶ್ಯ ಇತಿಹಾಸದಲ್ಲಿ ಅಪರೂಪ. ಈ ಕಾರ್ಯ 1997ರವರೆಗೆ ನಡೆದು ಪೂರ್ಣಗೊಂಡಿತು.

ಉಳಿದವು ಫೇರೋ ಮತ್ತು ಗ್ರೀನ್‌ಲೆಂಡ್. ಫೇರೋ ದ್ವೀಪಗಳು 1948ರಲ್ಲಿ, ಗ್ರೀನ್‌ಲೆಂಡ್ 1979ರಲ್ಲಿ ಸ್ವಯಮಾಡಳಿತ ಪಡೆದವು. ಗ್ರೀನ್‌ಲೆಂಡಿನವರು ಬಯಸಿದರೆ ಸ್ವತಂತ್ರರಾಗಬಹುದೆಂದು 2009ರ ಕಾನೂನು ಒಪ್ಪಿತು. ಅಲ್ಲಿಯೂ ತಪ್ಪುಗಳು ನಡೆದಿವೆ. 1960ರ ದಶಕದಿಂದ ಸಾವಿರಾರು ಮಹಿಳೆಯರಿಗೆ, ಅನೇಕರಿಗೆ ಅವರ ಒಪ್ಪಿಗೆಯಿಲ್ಲದೆ, ಗರ್ಭನಿರೋಧಕ ಸಾಧನ ಅಳವಡಿಸಿದುದಕ್ಕಾಗಿ ಡೆನ್ಮಾರ್ಕಿನ ಪ್ರಧಾನಿ 2025ರಲ್ಲಿ ಕ್ಷಮೆ ಕೋರಿದರು. ಅಮೆರಿಕದ ಅಧ್ಯಕ್ಷರು 2019ರಲ್ಲಿಯೂ, ಮತ್ತೆ 2025ರಲ್ಲಿಯೂ ಆ ದ್ವೀಪ ತಮಗೆ ಬೇಕೆಂದಾಗ ಡೆನ್ಮಾರ್ಕ್ ಕೊಟ್ಟ ಉತ್ತರ ಗಮನಾರ್ಹ. ಗ್ರೀನ್‌ಲೆಂಡ್ ಮಾರಾಟಕ್ಕಿಲ್ಲ, ಅದು ಗ್ರೀನ್‌ಲೆಂಡಿನ ಜನರದು ಎಂಬುದೇ ಆ ಉತ್ತರದ ಸಾರ. ಮಗಳ ಮದುವೆಗೆ ದ್ವೀಪಗಳನ್ನು ಒತ್ತೆಯಿಟ್ಟ, 1917ರಲ್ಲಿ ದ್ವೀಪಗಳನ್ನು ಮಾರಿದ ರಾಜ್ಯವು ಈ ಮಾತಿಗೆ ಬರಲು ಐದು ಶತಮಾನಗಳು ಬೇಕಾದವು.

ವಾಚಕರು ಈ ಚರಿತ್ರೆಯಲ್ಲಿ ಗಮನಿಸಬೇಕಾದುದು ಇಷ್ಟೆ. ಡೆನ್ಮಾರ್ಕ್ ಬಲದಿಂದ ಹಿಡಿದುದೆಲ್ಲ ಒಂದೊಂದಾಗಿ ಕೈಜಾರಿತು. ಜನರನ್ನು ಕೇಳಿ ಪಡೆದುದು ನೂರು ವರ್ಷ ಕಳೆದರೂ ಅಲುಗದೆ ನಿಂತಿದೆ. ಮನಸಾರೆ ಕೊಟ್ಟುದು ಸ್ನೇಹವಾಗಿ ಹಿಂದಿರುಗಿದೆ. ಒಂದು ಅಂಗುಲ ನೆಲಕ್ಕಾಗಿ ಅಣ್ಣತಮ್ಮಂದಿರು ತಲೆಮಾರುಗಳವರೆಗೆ ಮಾತು ಬಿಡುವ ಮನೆಗಳಿಗೂ ಈ ಮಾತು ಸಲ್ಲುತ್ತದೆ. ಗಡಿಗಲ್ಲು ಎಲ್ಲಿದೆ ಎಂಬುದಕ್ಕಿಂತ ಅದರ ಈಚೆಗೆ ಏನನ್ನು ಬೆಳೆದೆವು, ಆಚೆಯವರೊಡನೆ ಹೇಗೆ ಬಾಳಿದೆವು ಎಂಬುದೇ ಮಕ್ಕಳ ಕಾಲಕ್ಕೆ ಉಳಿಯುವ ಆಸ್ತಿ.